ಉಳ್ಳಾಗಡ್ಡಿ ಪೊರೆ, ಹತ್ತಿಯ ಎಳೆ ಮತ್ತು ಒಂದು ಸ್ಕೇಲು

ಎಂಟನೇ ತರಗತಿಯ ಯಾವ ಮಗುವಿನ ವಿಜ್ಞಾನದ ನೋಟ್‌ಬುಕ್ಕನ್ನಾದರೂ ತೆರೆದು ನೋಡಿ. ಎಡಪುಟದಲ್ಲಿ ಸಸ್ಯಕೋಶ, ಬಲಪುಟದಲ್ಲಿ ಪ್ರಾಣಿಕೋಶ, ಎರಡೂ ಅಂಗೈ ಅಗಲ. ಬಣ್ಣ ತುಂಬಿ, ಕೋಶಭಿತ್ತಿ, ಕೋಶಕೇಂದ್ರ, ರಸದಾನಿ ಎಲ್ಲಕ್ಕೂ ಗೆರೆ ಎಳೆದು ಹೆಸರು ಬರೆದಿರುತ್ತಾರೆ. ಇವೆರಡರಲ್ಲಿ ಯಾವುದು ದೊಡ್ಡದು, ಎಷ್ಟು ಪಟ್ಟು ದೊಡ್ಡದು ಎಂದು ಕೇಳಿದರೆ ಚಿತ್ರದ ಮೇಲೆ ಬೆರಳಿಟ್ಟು, "ಎರಡೂ ಒಂದ ಅಳತಿ ಅದಾವಲ್ರೀ ಅಕ್ಕೋರ" ಎನ್ನುತ್ತಾರೆ. ಪುಸ್ತಕ ತೋರಿಸಿದ್ದನ್ನೇ ಅವರು ಹೇಳುತ್ತಿದ್ದಾರೆ, ಅವರ ತಪ್ಪೇನಿಲ್ಲ. ಪಕ್ಕಪಕ್ಕದಲ್ಲಿ ಸಮನಾಗಿ ಬರೆದ ಎರಡು ಚಿತ್ರಗಳನ್ನು ಕೊಟ್ಟು, ಅಳತೆಯ ಗೆರೆಯೊಂದನ್ನು ಕೆಳಗೆ ಹಾಕದಿದ್ದರೆ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ.

ಹಾವೇರಿ ಸೀಮೆಯ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಆರರಿಂದ ಎಂಟನೇ ತರಗತಿಗೆ ವಿಜ್ಞಾನ ಕಲಿಸುತ್ತ ನನ್ನ ಸೇವೆಯ ಬಹುಭಾಗ ಕಳೆದಿದೆ. ಜೀವಕೋಶದ ಪಾಠವನ್ನು ಭಾಗಗಳ ಹೆಸರಿನಿಂದ ಶುರುಮಾಡಬಾರದು, ಅಳತೆಯಿಂದ ಶುರುಮಾಡಬೇಕು ಎಂಬುದು ಈ ವರ್ಷಗಳಲ್ಲಿ ನನ್ನಲ್ಲಿ ಗಟ್ಟಿಯಾದ ನಂಬಿಕೆ. ಹೆಸರುಗಳು ಪರೀಕ್ಷೆ ಮುಗಿದ ಮರುದಿನ ಮರೆತುಹೋಗುತ್ತವೆ. ತಾನೇ ಅಳೆದ ಒಂದು ಸಂಖ್ಯೆ ಮಾತ್ರ ಮಗುವಿನ ಹತ್ತಿರ ಉಳಿಯುತ್ತದೆ.

ಅಳೆಯಲು ದುಬಾರಿ ಸಲಕರಣೆ ಬೇಕು ಎಂಬ ಭಾವನೆ ನಮ್ಮ ಶಿಕ್ಷಕರಲ್ಲಿ ಇದೆ. ಸೂಕ್ಷ್ಮದರ್ಶಕದೊಳಗೆ ಗೆರೆ ಕೊರೆದ ಗಾಜಿನ ಬಿಲ್ಲೆ ಕಾಲೇಜುಗಳಲ್ಲಿ ಸಿಗುತ್ತದೆ, ನಮ್ಮಲ್ಲಿಲ್ಲ. ಆದರೆ ಪ್ರತಿ ಮಗುವಿನ ಕಂಪಾಸ್ ಪೆಟ್ಟಿಗೆಯಲ್ಲೂ ಆರಿಂಚಿನ ಪಾರದರ್ಶಕ ಸ್ಕೇಲು ಇರುತ್ತದೆ. ಅದನ್ನು ಸ್ಲೈಡ್ ಇಡುವ ಜಾಗದಲ್ಲಿಟ್ಟು, ಹತ್ತರ ಮಸೂರದಲ್ಲಿ ನೋಡಿದರೆ ಬೆಳಕಿನ ವೃತ್ತದೊಳಗೆ ಮಿಲಿಮೀಟರಿನ ಗೆರೆಗಳು ಕಾಣುತ್ತವೆ. ಮೊದಲ ಸಲ ನೋಡುವ ಮಗು ಬೆರಗಾಗುತ್ತದೆ. ಕೂದಲಿನಷ್ಟು ತೆಳ್ಳಗಿದೆ ಎಂದುಕೊಂಡಿದ್ದ ಗೆರೆ ಅಲ್ಲಿ ದಪ್ಪ ಕರಿಪಟ್ಟಿಯಾಗಿ, ಅಂಚು ಹರಿದಂತೆ ಕಾಣುತ್ತದೆ. ಒಂದು ಗೆರೆಯ ಎಡಅಂಚಿನಿಂದ ಮುಂದಿನ ಗೆರೆಯ ಎಡಅಂಚಿಗೆ ಅಳೆಯಬೇಕು ಎಂಬುದನ್ನು ಇಲ್ಲೇ ಹೇಳಿಕೊಡಬೇಕು. ಇಲ್ಲದಿದ್ದರೆ ಗೆರೆಯ ದಪ್ಪವೇ ಲೆಕ್ಕ ಕೆಡಿಸುತ್ತದೆ. ನಮ್ಮ ಶಾಲೆಯ ಸೂಕ್ಷ್ಮದರ್ಶಕದಲ್ಲಿ ಆ ವೃತ್ತದ ಅಡ್ಡಗಲ ಒಂದು ಮಿಲಿಮೀಟರ್ ದಾಟಿ, ಇನ್ನೊಂದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. ಅದನ್ನು 1.6 ಮಿಲಿಮೀಟರ್ ಎಂದು ಹಿಡಿದಿದ್ದೇವೆ.

ಬರೆಯುವಾಗ ಮಾತ್ರ 1.6 ಎಂದು ಬರೆಯುವುದಿಲ್ಲ, 1600 ಮೈಕ್ರಾನ್ ಎಂದು ಬರೆಯುತ್ತೇವೆ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಮೈಕ್ರೋಮೀಟರ್, ಬಳಕೆಯ ಮಾತಿನಲ್ಲಿ ಮೈಕ್ರಾನ್. ಈ ವಯಸ್ಸಿನ ಮಕ್ಕಳಿಗೆ ಸೊನ್ನೆ ದಶಾಂಶ ಸೊನ್ನೆ ಆರು ಎನ್ನುವುದು ಬರೀ ಸೊನ್ನೆಗಳ ಸಾಲು. ಅದು ದೊಡ್ಡದೋ, ಸೊನ್ನೆ ದಶಾಂಶ ಮೂರು ದೊಡ್ಡದೋ ಎಂದು ತಡವರಿಸುತ್ತಾರೆ. ಅದೇ 60 ಮತ್ತು 300 ಎಂದರೆ ತಟ್ಟನೆ ಹೇಳುತ್ತಾರೆ. ದಶಾಂಶದ ಕಷ್ಟವನ್ನು ಗಣಿತದ ಅವಧಿಗೆ ಬಿಟ್ಟು, ಜೀವಕೋಶದ ಅವಧಿಯಲ್ಲಿ ಪೂರ್ಣಸಂಖ್ಯೆ ಬಳಸಿದರೆ ಅರ್ಧ ಪಾಠ ಹಗುರಾಗುತ್ತದೆ. ಮೈಕ್ರಾನ್ ಎಂಬ ಮಾತು ಅವರಿಗೆ ಅಪರಿಚಿತವೂ ಅಲ್ಲ. 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ ತೆಳುವಾದ ಪ್ಲಾಸ್ಟಿಕ್ ಕೈಚೀಲಕ್ಕೆ ದೇಶದಲ್ಲಿ ನಿಷೇಧವಿದೆ, ಚೀಲಗಳ ಮೇಲೆ ಆ ಸಂಖ್ಯೆ ಅಚ್ಚಾಗಿರುತ್ತದೆ. ಅಂಥದೊಂದು ಚೀಲವನ್ನು ಕೈಗೆ ಕೊಟ್ಟು, ಬೆರಳುಗಳ ನಡುವೆ ಉಜ್ಜಿ ನೋಡಿ ಎನ್ನುತ್ತೇನೆ. ಈ ದಪ್ಪ ನೂರಿಪ್ಪತ್ತು. ಇನ್ನು ಮುಂದೆ ಯಾವ ಸಂಖ್ಯೆ ಬಂದರೂ ಬೆರಳಿಗೆ ಈ ನೆನಪಿರುತ್ತದೆ.

ಆಮೇಲೆ ಉಳ್ಳಾಗಡ್ಡಿ. ತಿರುಳಿನ ಒಂದು ಪದರವನ್ನು ಮುರಿದರೆ ಒಳಮೈಯಿಂದ ಹಾಳೆಯಂಥ ಪೊರೆ ಕಳಚಿ ಬರುತ್ತದೆ. ನೀರಿನ ಹನಿಯಲ್ಲಿ ಹರಡಿ, ಒಂದು ತೊಟ್ಟು ಸಫ್ರಾನಿನ್ ಬಿಟ್ಟು, ಗಾಳಿಗುಳ್ಳೆ ಸಿಕ್ಕಿಕೊಳ್ಳದಂತೆ ಕವರ್ ಸ್ಲಿಪ್ ಇಳಿಸಬೇಕು. ಇಷ್ಟನ್ನು ಎಲ್ಲ ಶಾಲೆಗಳಲ್ಲೂ ಮಾಡುತ್ತಾರೆ. ನಾನು ಸೇರಿಸುವುದು ಒಂದೇ ಕೆಲಸ: ವೃತ್ತದ ಈ ಅಂಚಿನಿಂದ ಆ ಅಂಚಿಗೆ, ನಟ್ಟನಡುವಿನ ಸಾಲಿನಲ್ಲಿ, ಉದ್ದಕ್ಕೆ ಎಷ್ಟು ಕೋಶಗಳಿವೆ ಎಂದು ಎಣಿಸಿ. ಐದು ಬಂದರೆ 1600ನ್ನು ಐದರಿಂದ ಭಾಗಿಸಿ, 320. ಈಗ ಅಡ್ಡಕ್ಕೆ ಎಣಿಸಿ. ಇಪ್ಪತ್ತು ಬಂದರೆ ಅಗಲ 80 ಮೈಕ್ರಾನ್. ಕೋಶವೊಂದನ್ನೇ ಹಿಡಿದು ಅಳೆಯಲು ಹೋದರೆ ಕಣ್ಣು ಸೋಲುತ್ತದೆ, ಸಾಲನ್ನು ಅಳೆದು ಭಾಗಿಸಿದರೆ ಸುಲಭ. ಅದಕ್ಕೆ ಮೊದಲೇ ಒಮ್ಮೆ ಹತ್ತು ಸಾಸಿವೆ ಕಾಳನ್ನು ಸ್ಕೇಲಿನ ಪಕ್ಕ ಸಾಲಾಗಿಟ್ಟು ಒಂದರ ಅಗಲ ಕಂಡುಹಿಡಿಯುವ ಅಭ್ಯಾಸ ಮಾಡಿಸಿದ್ದರೆ, ಈ ಹಂತದಲ್ಲಿ ಯಾರಿಗೂ ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಸಾಲನ್ನು ಎಣಿಸಿ ಭಾಗಿಸುವುದು 'ಸೆಲ್' ಎಂಬ ಹೆಸರಿನಷ್ಟೇ ಹಳೆಯ ವಿಧಾನ. ರಾಬರ್ಟ್ ಹುಕ್ ಕಾರ್ಕಿನ ತೆಳುಚೂರನ್ನು ನೋಡಿ 'ಸೆಲ್' ಎಂಬ ಹೆಸರು ಕೊಟ್ಟ ಎಂದು ಎಲ್ಲ ಮಕ್ಕಳೂ ಬಾಯಿಪಾಠ ಮಾಡುತ್ತಾರೆ. 1665ರ ತನ್ನ ಪುಸ್ತಕದಲ್ಲಿ ಆತ ಹೆಸರಿಟ್ಟು ಸುಮ್ಮನಾಗಲಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ಅಂಗುಲದ ಹದಿನೆಂಟನೇ ಒಂದು ಭಾಗದಲ್ಲಿ ಸುಮಾರು ಅರವತ್ತು ಕೋಶಗಳನ್ನು ಆತ ಎಣಿಸಿದ. ಹಾಗಾದರೆ ಒಂದು ಅಂಗುಲಕ್ಕೆ 1080. ಚದರ ಅಂಗುಲಕ್ಕೆ 11,66,400. ಘನ ಅಂಗುಲಕ್ಕೆ 125,97,12,000. ಈ ಗುಣಾಕಾರವನ್ನು ಮಕ್ಕಳಿಂದಲೇ ಹಲಗೆಯ ಮೇಲೆ ಮಾಡಿಸುತ್ತೇನೆ. ಕೊನೆಯ ಸಂಖ್ಯೆ ಬಂದಾಗ, 2011ರ ಜನಗಣತಿಯಲ್ಲಿ ಭಾರತದ ಜನಸಂಖ್ಯೆ 121 ಕೋಟಿ ಎಂದು ನೆನಪಿಸುತ್ತೇನೆ. ಒಂದು ಅಂಗುಲದ ಕಾರ್ಕಿನ ತುಂಡಿನಲ್ಲಿ ಅಷ್ಟು ಕೋಣೆಗಳು! 25.4 ಮಿಲಿಮೀಟರನ್ನು 1080ರಿಂದ ಭಾಗಿಸಿದರೆ ಹುಕ್ ನೋಡಿದ ಕೋಶದ ಅಳತೆ ಹತ್ತಿರ ಹತ್ತಿರ 24 ಮೈಕ್ರಾನ್ ಎಂದು ಸಿಗುತ್ತದೆ. ಮೂರೂವರೆ ಶತಮಾನದ ಹಿಂದಿನ ಮನುಷ್ಯನ ಅಳತೆಯನ್ನು ತಮ್ಮ ಉಳ್ಳಾಗಡ್ಡಿಯ ಅಳತೆಯ ಪಕ್ಕದಲ್ಲಿ ಬರೆದುಕೊಳ್ಳುವಾಗ ಮಕ್ಕಳ ಮುಖದಲ್ಲಿ ಕಾಣುವ ಗಾಂಭೀರ್ಯ ನನಗೆ ಬಹಳ ಇಷ್ಟ. ವಿಜ್ಞಾನಿ ಮಾಡಿದ್ದನ್ನೇ ತಾವೂ ಮಾಡಿದ್ದೇವೆ ಎಂಬುದು ಅವರಿಗೆ ಗೊತ್ತಾಗಿರುತ್ತದೆ.

ಉತ್ತರಗಳು ಒಂದೇ ಆಗುವುದಿಲ್ಲ. ಒಬ್ಬರಿಗೆ ನಾಲ್ಕು ಕೋಶ ಕಂಡು 400 ಬರುತ್ತದೆ, ಇನ್ನೊಬ್ಬರಿಗೆ ಆರು ಕಂಡು 267, ಮತ್ತೊಬ್ಬರಿಗೆ ಏಳು. "ಯಾವ್ದು ಖರೇ ಉತ್ತರ ಹೇಳ್ರಿ" ಎಂದು ಕೇಳುತ್ತಾರೆ. ಪುಸ್ತಕದ ಹಿಂದಿನ ಪುಟದಲ್ಲಿ ಉತ್ತರ ಇರುವ ಲೆಕ್ಕಗಳನ್ನಷ್ಟೇ ಮಾಡಿ ಬೆಳೆದ ಮಕ್ಕಳಿಗೆ ಇದು ನಿಜವಾದ ಕಳವಳ. ಇಲ್ಲಿ ಅವಸರ ಮಾಡಬಾರದು, ಸರಾಸರಿ ತೆಗೆದು ಮುಂದೆ ಹೋಗಲೂಬಾರದು. ಎಲ್ಲ ಸಂಖ್ಯೆಗಳನ್ನೂ ಹಲಗೆಯ ಮೇಲೆ ಸಣ್ಣದರಿಂದ ದೊಡ್ಡದಕ್ಕೆ ಬರೆಸಬೇಕು. ಹೆಚ್ಚಿನವು ನಡುವೆ ಗುಂಪಾಗಿ, ಕೆಲವು ಆಚೀಚೆ ಬೀಳುತ್ತವೆ. ದೂರ ಬಿದ್ದ ಸಂಖ್ಯೆಯವರು ತಮ್ಮ ಸ್ಲೈಡನ್ನು ಮತ್ತೊಮ್ಮೆ ನೋಡಲಿ. ಎಣಿಕೆ ಸರಿಯಿದ್ದರೆ ಆ ಸಂಖ್ಯೆ ಹಾಗೆಯೇ ಇರಲಿ. ಒಂದೇ ಗಡ್ಡೆಯ ಹೊರಪದರದ ಪೊರೆ ಮತ್ತು ತೀರ ಒಳಗಿನ ಎಳೆಯ ಪದರದ ಪೊರೆ ಎರಡನ್ನೂ ಎಣಿಸಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಒಳಗಿನ ಕೋಶಗಳು ಇನ್ನೂ ಬೆಳೆಯಬೇಕಾದವು, ಅಳತೆಯಲ್ಲಿ ಸಣ್ಣವು. ಬಾಲಕಿಯೊಬ್ಬಳು ಇದನ್ನು ನೋಡಿ, "ಹಂಗಾರ ಉಳ್ಳಾಗಡ್ಡಿಗೆ ಒಂದ ಅಳತಿ ಅಂತ ಇಲ್ಲೇ ಇಲ್ಲರೀ" ಎಂದಳು. 250ರಿಂದ 400 ಎಂದು ಬರೆಯುವುದು ಎಷ್ಟು ಪ್ರಾಮಾಣಿಕ, 320 ಎಂದಷ್ಟೇ ಬರೆಯುವುದು ಎಷ್ಟು ಅರೆಬರೆ ಎಂದು ಆ ಮಾತಿನ ನಂತರ ನಾನು ವಿವರಿಸಬೇಕಾಗಿ ಬರಲಿಲ್ಲ.

ಕೆನ್ನೆಯ ಒಳಪದರದ ಕೋಶಗಳಿಗೆ ದೊಡ್ಡ ಮಸೂರ ಬೇಕು. ಪ್ರತಿಯೊಬ್ಬರೂ ತಮ್ಮ ಕೆನ್ನೆಯ ಒಳಭಾಗವನ್ನು ಹೊಸ ಇಯರ್‌ಬಡ್ಡಿನಿಂದ ಮೆಲ್ಲಗೆ ಸವರಿ, ಬಳಸಿದ ಕಡ್ಡಿಯನ್ನು ತಕ್ಷಣ, ಸ್ಲೈಡನ್ನು ನೋಡಿ ಮುಗಿದ ಕೂಡಲೇ ಬ್ಲೀಚಿಂಗ್ ಪೌಡರಿನ ನೀರಿಗೆ ಹಾಕಬೇಕು. ಇದರಲ್ಲಿ ಸಡಿಲ ಕೂಡದು. ಮಿಥಿಲೀನ್ ಬ್ಲೂ ಹಾಕಿದರೆ ತಿಳಿನೀಲಿ ಚೂರುಗಳ ನಡುವೆ ಕಡುನೀಲಿ ಚುಕ್ಕೆ ಕಾಣುತ್ತದೆ. ನಲವತ್ತೈದರ ಮಸೂರಕ್ಕೆ ತಿರುಗಿಸಿದಾಗ ವೃತ್ತದೊಳಗೆ ಕಾಣುವ ಜಾಗ ಕುಗ್ಗುತ್ತದೆ. ಹೆಚ್ಚು ದೊಡ್ಡದಾಗಿ ತೋರಿಸುವ ಮಸೂರ ಹೆಚ್ಚು ಜಾಗವನ್ನೂ ತೋರಿಸಬೇಕು ಎಂದು ಮಕ್ಕಳು ನಿರೀಕ್ಷಿಸಿರುತ್ತಾರೆ, ಆಗುವುದು ತಿರುಗುಮುರುಗು. ವೃತ್ತದ ಅಗಲ ಈಗ ಮಿಲಿಮೀಟರಿಗಿಂತ ಕಡಿಮೆ, ಸ್ಕೇಲು ಕೆಲಸಕ್ಕೆ ಬರುವುದಿಲ್ಲ. 1600ನ್ನು ಹತ್ತರಿಂದ ಗುಣಿಸಿ ನಲವತ್ತೈದರಿಂದ ಭಾಗಿಸಿದರೆ ಸುಮಾರು 350 ಮೈಕ್ರಾನ್. ವಿಲೋಮ ಅನುಪಾತದ ಪಾಠ ಎಂಟನೇ ತರಗತಿಯ ಗಣಿತದಲ್ಲೇ ಇದೆ, ಗಣಿತದ ಶಿಕ್ಷಕರು ಈ ಒಂದು ಅವಧಿಗೆ ಬಂದು ಪಕ್ಕದಲ್ಲಿ ನಿಂತರೆ ಬಹಳ ಚೆಂದ. ಕೆನ್ನೆಯ ಕೋಶಗಳು ಸಾಲಾಗಿ ಇರುವುದಿಲ್ಲ, ಚದುರಿರುತ್ತವೆ. ಇಂಥವು ಅಂಚಿನಿಂದ ಅಂಚಿಗೆ ಎಷ್ಟು ಹಿಡಿದಾವು ಎಂದು ಅಂದಾಜು ಮಾಡಬೇಕು. ಐದರಿಂದ ಏಳು ಎನ್ನುತ್ತಾರೆ. ಅಂದರೆ 50ರಿಂದ 70 ಮೈಕ್ರಾನ್, ಕೈಚೀಲದ ದಪ್ಪದ ಅರ್ಧ.

ಈಗ ಹೋಲಿಕೆ. ಉಳ್ಳಾಗಡ್ಡಿಯ ಕೋಶ ಕೆನ್ನೆಯ ಕೋಶಕ್ಕಿಂತ ಎಷ್ಟು ಪಟ್ಟು ದೊಡ್ಡದು? ಉದ್ದ ನೋಡಿದವರು ಐದು ಪಟ್ಟು ಎನ್ನುತ್ತಾರೆ. ಅಗಲ ನೋಡಿದವರು ಒಂದೂಕಾಲು, ಒಂದೂವರೆ ಎನ್ನುತ್ತಾರೆ. ಹಾಸಿದ ಜಾಗ ನೋಡಿದರೆ ಆರೇಳು ಪಟ್ಟು. ಮೂರೂ ಸರಿ. ದೊಡ್ಡದು ಎಂದು ಹೇಳುವ ಮೊದಲು ಯಾವುದರಲ್ಲಿ ದೊಡ್ಡದು ಎಂದು ಹೇಳಬೇಕು ಎಂಬುದು ಇಲ್ಲಿ ತಾನಾಗಿಯೇ ಮೇಲೆ ಬರುತ್ತದೆ. ಇದನ್ನು ಪೂರ್ತಿ ಕಲಿಸಿದ್ದು ಮಾತ್ರ ಉಳ್ಳಾಗಡ್ಡಿಯಲ್ಲ, ಕೆನ್ನೆಯಲ್ಲ, ಹತ್ತಿ.

ನಾನು ಪಾಠ ಮಾಡಿದ ಪುಸ್ತಕದಲ್ಲಿ ಅತಿ ದೊಡ್ಡ ಜೀವಕೋಶಕ್ಕೆ ಉದಾಹರಣೆಯಾಗಿ ಕೊಟ್ಟಿದ್ದು ಉಷ್ಟ್ರಪಕ್ಷಿಯ ಮೊಟ್ಟೆ, 170 ಮಿಲಿಮೀಟರ್ ಉದ್ದ, 130 ಮಿಲಿಮೀಟರ್ ಅಗಲ. ನಮ್ಮ ಮಕ್ಕಳಲ್ಲಿ ಅದನ್ನು ಕಂಡವರಿಲ್ಲ. ಹತ್ತಿಯನ್ನು ಕಾಣದವರಿಲ್ಲ. ಹತ್ತಿಯ ಒಂದೊಂದು ಎಳೆಯೂ ಒಂದೊಂದು ಜೀವಕೋಶ. ಹೂ ಅರಳಿದ ದಿನದ ಹೊತ್ತಿಗೆ ಕಾಯೊಳಗಿನ ಎಳೆಯ ಬೀಜದ ಹೊರಪದರದಲ್ಲಿ ಕೆಲವು ಕೋಶಗಳು ಉಬ್ಬಿ ಮೇಲೇಳುತ್ತವೆ, ಮುಂದಿನ ಎರಡು ಮೂರು ವಾರ ಉದ್ದಕ್ಕೆ ಬೆಳೆಯುತ್ತವೆ, ಎಲ್ಲೂ ವಿಭಜನೆಯಾಗದೆ, ನಡುವೆ ಗೋಡೆ ಕಟ್ಟದೆ. ಆಮೇಲೆ ಒಳಗಿನಿಂದ ಸೆಲ್ಯುಲೋಸ್ ಪದರ ಪದರವಾಗಿ ಕೂತು ಗೋಡೆ ದಪ್ಪಗಾಗುತ್ತದೆ. ಕಾಯಿ ಒಡೆದು ಬಿಸಿಲು ಬಿದ್ದಾಗ ಕೋಶ ಒಣಗಿ, ಚಪ್ಪಟೆಯಾಗಿ, ತಿರುಚಿಕೊಳ್ಳುತ್ತದೆ. ನೂಲುವಾಗ ಎಳೆಗಳು ಒಂದಕ್ಕೊಂದು ಹಿಡಿದುಕೊಳ್ಳುವುದು ಈ ತಿರುಚಿನಿಂದ.

ಇದನ್ನು ಹೇಳಿದಾಗ ಮೊದಲು ಬಂದದ್ದು ವಿರೋಧ. "ಬರೇ ಕಣ್ಣಿಗೆ ಕಾಣತೈತಿ, ಅದು ಹೆಂಗ ಜೀವಕೋಶ ಆಗತೈತ್ರೀ?" ಆ ಪ್ರಶ್ನೆಯಲ್ಲಿ ಒಳ್ಳೆಯ ತರ್ಕವಿದೆ. ಕೋಶ ಎಂದರೆ ಕಣ್ಣಿಗೆ ಕಾಣದ್ದು ಎಂದು ನಾವೇ ಕಲಿಸಿರುತ್ತೇವೆ. ಹತ್ತಿಕಾಳನ್ನು ಅರಳೆಯ ಸಮೇತ ತೆಗೆದುಕೊಂಡು, ಸಣ್ಣ ಹಲ್ಲಿನ ಹಣಿಗೆಯಿಂದ ಎಳೆಗಳನ್ನು ಕಾಳಿನ ಸುತ್ತ ಬಾಚಿ ಹರಡಿ, ಕಾಳಿನ ಅಂಚಿನಿಂದ ಎಳೆಯ ತುದಿಗೆ ಸ್ಕೇಲು ಇಟ್ಟು ನೋಡಿದೆವು. ಹತ್ತಿ ತಳಿ ಬೆಳೆಸುವವರು ಎಳೆಯ ಉದ್ದ ನೋಡಲು ಬಳಸುವ ಪದ್ಧತಿಯೇ ಇದು. 28, 29, 30 ಮಿಲಿಮೀಟರ್ ಎಂದು ಬಂತು. ಅಗಲಕ್ಕೆ ನಲವತ್ತೈದರ ಮಸೂರ ಬೇಕಾಯಿತು, ಅಲ್ಲಿ 15 ಮೈಕ್ರಾನಿನ ಆಸುಪಾಸು. ಅಂದರೆ ಕೆನ್ನೆಯ ಕೋಶದ ನಾಲ್ಕನೇ ಒಂದು ಭಾಗದಷ್ಟು ಅಗಲ, ಅದರ ಐನೂರು ಪಟ್ಟು ಉದ್ದ. ಯಾವುದು ದೊಡ್ಡ ಕೋಶ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಾಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಈ ಪಾಠ ಮನೆಗೂ ಹೋಯಿತು. ಅಡತಿ ಅಂಗಡಿಯಲ್ಲಿ ಖರೀದಿದಾರರು ಚಿಟಿಕೆ ಅರಳೆ ತೆಗೆದು ಎರಡೂ ಕೈಯ ಹೆಬ್ಬೆರಳುಗಳ ನಡುವೆ ಜಗ್ಗಿ ಜಗ್ಗಿ ಎಳೆಯ ಉದ್ದ ನೋಡುವುದನ್ನು ಈ ಮಕ್ಕಳು ಅಪ್ಪನ ಜೊತೆ ಹೋದಾಗ ಕಂಡಿದ್ದಾರೆ. ಉದ್ದ ಎಳೆಗೆ ಒಂದು ದರ, ಗಿಡ್ಡ ಎಳೆಗೆ ಇನ್ನೊಂದು ದರ. 1972ರಲ್ಲಿ ಧಾರವಾಡದಲ್ಲಿ ರೂಪುಗೊಂಡ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯನ್ನು ಹೆಸರುವಾಸಿ ಮಾಡಿದ ಗುಣವೂ ಎಳೆಯ ಉದ್ದವೇ. ಅಜ್ಜಂದಿರಿಗೆ ಆ ಹೆಸರು ಇವತ್ತಿಗೂ ನೆನಪಿದೆ. ಅಷ್ಟೂ ವರ್ಷ ಅವರು ಮಾರಿದ್ದು, ಕೊಂಡಿದ್ದು, ಬೆಲೆ ಕಟ್ಟಿದ್ದು ಒಂದು ಜೀವಕೋಶದ ಉದ್ದಕ್ಕೆ ಎಂದು ಮೊಮ್ಮಗ ಹೇಳಿದಾಗ ಅಜ್ಜ ಅರಳೆ ತೆಗೆದುಕೊಂಡು ಬಾ ಎಂದು ಕೂತು ಎಳೆ ಬಿಡಿಸಿ ನೋಡಿದರಂತೆ. ಶಾಲೆಯ ವಿಜ್ಞಾನಕ್ಕೂ ಊರಿನ ತಿಳಿವಳಿಕೆಗೂ ನಡುವೆ ಇಷ್ಟು ನೇರವಾದ ದಾರಿ ಇದ್ದಾಗ ಅದನ್ನು ಬಿಟ್ಟು ಉಷ್ಟ್ರಪಕ್ಷಿಯ ಹಿಂದೆ ಹೋಗುವುದು ನನಗೆ ಒಪ್ಪಿಗೆಯಿಲ್ಲ.

ಸಂಖ್ಯೆಗಳನ್ನು ಕಣ್ಣಿಗೆ ಕಾಣಿಸಲು ಆಟದ ಮೈದಾನಕ್ಕೆ ಹೋಗುತ್ತೇವೆ. ನಿಯಮ ಒಂದೇ: ಒಂದು ಮೈಕ್ರಾನಿಗೆ ಒಂದು ಮಿಲಿಮೀಟರ್. ಎಲ್ಲವೂ ಸಾವಿರ ಪಟ್ಟು. ಉಳ್ಳಾಗಡ್ಡಿಯ ಕೋಶ ಮೂವತ್ತೆರಡು ಸೆಂಟಿಮೀಟರ್ ಉದ್ದ, ಎಂಟು ಸೆಂಟಿಮೀಟರ್ ಅಗಲದ ರಟ್ಟು. ಕೆನ್ನೆಯ ಕೋಶ ಆರು ಸೆಂಟಿಮೀಟರಿನ ಬಿಲ್ಲೆ. ನಮ್ಮ ಕೆಂಪು ರಕ್ತಕಣ ಏಳೆಂಟು ಮಿಲಿಮೀಟರಿನ ಚಕ್ಕೆ. ಮೊಸರಿನ ಬ್ಯಾಕ್ಟೀರಿಯಾ ಸೀಸಕಡ್ಡಿಯ ತುದಿಯಿಂದ ಎಳೆದ ಕೆಲವು ಮಿಲಿಮೀಟರಿನ ಗೀಟು. ಹತ್ತಿಯ ಎಳೆಗೆ ಹಗ್ಗ ಬೇಕು, ಒಂದೂವರೆ ಸೆಂಟಿಮೀಟರ್ ದಪ್ಪದ ಹಗ್ಗ, ಮೂವತ್ತು ಮೀಟರ್ ಉದ್ದ. ಮೈದಾನದ ಈ ತುದಿಯಿಂದ ಆ ತುದಿಗೆ ಮಕ್ಕಳು ಅದನ್ನು ಹಿಡಿದು ನಿಲ್ಲುತ್ತಾರೆ. ಆಮೇಲೆ ನರಕೋಶದ ಸರದಿ. ದೊಡ್ಡವರ ಬೆನ್ನುಹುರಿಯ ಕೆಳಭಾಗದಿಂದ ಪಾದದವರೆಗೆ ಚಾಚುವ ನರಕೋಶದ ತಂತು ಸುಮಾರು ಒಂದು ಮೀಟರ್. ಸಾವಿರ ಪಟ್ಟು ಮಾಡಿದರೆ ಒಂದು ಕಿಲೋಮೀಟರ್. ಅಷ್ಟು ಹಗ್ಗ ನಮ್ಮಲ್ಲಿಲ್ಲ. ಶಾಲೆಯ ಗೇಟಿನಿಂದ ಒಂದು ಕಿಲೋಮೀಟರ್ ಎಂದರೆ ಎಲ್ಲಿಗೆ ಎಂದು ಕೇಳಿದರೆ ಸಾಕು, ಊರು ದಾಟಿ ಯಾರ ಹೊಲದವರೆಗೆ ಎಂದು ಮಕ್ಕಳೇ ಲೆಕ್ಕ ಹಾಕುತ್ತಾರೆ.

ಆನೆಯ ಪ್ರಶ್ನೆ ಪ್ರತಿ ತರಗತಿಯಲ್ಲೂ ಬರುತ್ತದೆ. ಆನೆ ದೊಡ್ಡದು, ಹಾಗಾದರೆ ಅದರ ಕೋಶಗಳೂ ದೊಡ್ಡವೇ? ಇಲಿಯ ಕೆಂಪು ರಕ್ತಕಣ ಸುಮಾರು ಆರು ಮೈಕ್ರಾನ್, ಆನೆಯದು ಒಂಬತ್ತರ ಹತ್ತಿರ. ಆಡಿನದು ಮೂರು ನಾಲ್ಕು ಮೈಕ್ರಾನ್ ಮಾತ್ರ, ಇಲಿಗಿಂತಲೂ ಸಣ್ಣದು. ಮನೆಯಲ್ಲಿ ಆಡು ಸಾಕಿದ ಮಕ್ಕಳು ಇದನ್ನು ಎಂದೂ ಮರೆಯುವುದಿಲ್ಲ. ಪ್ರಾಣಿ ದೊಡ್ಡದಾಗುವುದು ಕೋಶಗಳ ಸಂಖ್ಯೆ ಹೆಚ್ಚುವುದರಿಂದ. ಕೋಶವೇ ಏಕೆ ಬೆಳೆಯುತ್ತ ಹೋಗುವುದಿಲ್ಲ ಎಂಬುದಕ್ಕೆ ಮಣ್ಣಿನ ಎರಡು ಘನಗಳು ಸಾಕು. ಒಂದು ಸೆಂಟಿಮೀಟರಿನ ಘನಕ್ಕೆ ಮೇಲ್ಮೈ 6 ಚದರ ಸೆಂಟಿಮೀಟರ್, ಗಾತ್ರ 1 ಘನ ಸೆಂಟಿಮೀಟರ್. ಎರಡು ಸೆಂಟಿಮೀಟರಿನದಕ್ಕೆ ಮೇಲ್ಮೈ 24, ಗಾತ್ರ 8. ಒಳಗಿನ ಬೇಡಿಕೆ ಎಂಟು ಪಟ್ಟಾಯಿತು, ಆಹಾರ ಆಮ್ಲಜನಕ ಒಳಬರುವ ಮೈ ನಾಲ್ಕೇ ಪಟ್ಟಾಯಿತು. ಹತ್ತಿಯ ಎಳೆ ಅಷ್ಟುದ್ದ ಬೆಳೆಯಬಲ್ಲದ್ದು ಅದು ಅಷ್ಟು ತೆಳ್ಳಗಿರುವುದರಿಂದ. ಅದರ ಒಳಗಿನ ಯಾವ ಬಿಂದುವೂ ಹೊರಮೈಯಿಂದ ಎಂಟು ಮೈಕ್ರಾನಿಗಿಂತ ದೂರವಿಲ್ಲ. ಅಳತೆ ಮಾಡಿದ ಮಗುವಿಗೆ ಈ ಮಾತು ಒಂದೇ ಸಲಕ್ಕೆ ಅರ್ಥವಾಗುತ್ತದೆ, ಚಿತ್ರ ಬಿಡಿಸಿದ ಮಗುವಿಗೆ ಎಷ್ಟು ಸಲ ಹೇಳಿದರೂ ಕಷ್ಟ.

ಮೊಬೈಲ್ ಇದ್ದವರು ಕಣ್ಣುಮಸೂರದ ಮೇಲೆ ಕ್ಯಾಮೆರಾ ಹಿಡಿದು ಮೊದಲು ಸ್ಕೇಲಿನ ಫೋಟೋ, ಆಮೇಲೆ ಜೂಮ್ ಬದಲಿಸದೆ ಕೋಶದ ಫೋಟೋ ತೆಗೆಯಬಹುದು. ಜೂಮ್ ಸ್ವಲ್ಪ ಅಲುಗಿದರೂ ಅಳತೆ ಹೋಯಿತು, ಈ ಒಂದು ಎಚ್ಚರ ಬೇಕು.

ಪಠ್ಯಪುಸ್ತಕ ಬರೆಯುವವರಲ್ಲಿ ನನ್ನ ಕೋರಿಕೆ: ಜೀವಕೋಶದ ಪ್ರತಿ ಚಿತ್ರದ ಕೆಳಗೆ ಒಂದು ಗೆರೆ ಎಳೆದು, ಇದು ಇಷ್ಟು ಮೈಕ್ರಾನ್ ಎಂದು ಬರೆಯಿರಿ. ಸಹಶಿಕ್ಷಕರಲ್ಲಿ ಕೋರಿಕೆ ಇನ್ನೂ ಸಣ್ಣದು. ನಿಮ್ಮ ಶಾಲೆಯ ಬೀರುವಿನಲ್ಲಿರುವ ಸೂಕ್ಷ್ಮದರ್ಶಕವನ್ನು ಹೊರತೆಗೆದು, ಸ್ಕೇಲು ಇಟ್ಟು, ಪ್ರತಿ ಮಸೂರದಲ್ಲೂ ವೃತ್ತದ ಅಗಲ ಎಷ್ಟು ಮೈಕ್ರಾನ್ ಎಂದು ಕಂಡುಹಿಡಿದು, ಚೀಟಿಯಲ್ಲಿ ಬರೆದು ಅದರ ಬುಡಕ್ಕೆ ಅಂಟಿಸಿ. ಮಸೂರ ಬದಲಾಗದ ತನಕ ಆ ಸಂಖ್ಯೆ ಬದಲಾಗುವುದಿಲ್ಲ. ನಿಮ್ಮ ನಂತರ ಬರುವ ಶಿಕ್ಷಕರಿಗೂ ಅದು ಕೆಲಸಕ್ಕೆ ಬರುತ್ತದೆ.